ತೆಳು ಕಾರ್ನಿಯಾದ ಮಕ್ಕಳಿಗೆ ಲೆನ್ಸ್ ಹೊದಿಸಿ ಕ್ರಾಸ್‌ಲಿಂಕಿಂಗ್: ನನ್ನ ಅನುಭವ

ಕೆರಟೋಕೋನಸ್ ಎಂಬ ರೋಗದಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ತೆಳುವಾಗಿ ಮುಂದಕ್ಕೆ ಚಾಚುತ್ತಾ ಹೋಗುತ್ತದೆ. ರೈಬೋಫ್ಲೇವಿನ್ (ಬಿ2 ವಿಟಮಿನ್) ಹನಿ ಹಾಕಿ ನೇರಳಾತೀತ (ಯುವಿ) ದೀಪ ಹಿಡಿದು ಅದನ್ನು ಗಟ್ಟಿಗೊಳಿಸುವುದೇ ಕ್ರಾಸ್‌ಲಿಂಕಿಂಗ್. 400 ಮೈಕ್ರಾನ್‌ಗಿಂತ ತೆಳುವಾದ ಕಾರ್ನಿಯಾದ ಮೇಲೆ ದೀಪ ಹಿಡಿಯಬಾರದು (ಬೆಳಕು ಒಳಪದರವನ್ನು ತಲುಪಿ ಹಾನಿ ಮಾಡೀತು), ಅಂಥ ಮಕ್ಕಳನ್ನು ಕಾರ್ನಿಯಾ ಕಸಿಗೆ ಬರೆದುಕೊಡಬೇಕು ಎಂದು ನನಗೆ ಬುದ್ಧಿ ಹೇಳಿದ ಹಿರಿಯರಲ್ಲಿ ಇಬ್ಬರು ಮೂವರು ಈಗ ತಮ್ಮ ರೋಗಿಗಳನ್ನೇ ಕಲಬುರಗಿಗೆ ನನ್ನ ಬಳಿ ಕಳುಹಿಸುತ್ತಿದ್ದಾರೆ. ವಿಧಾನ ನನ್ನ ಸೃಷ್ಟಿಯೇನಲ್ಲ. ರೈಬೋಫ್ಲೇವಿನ್‌ನಲ್ಲಿ ನೆನೆಸಿದ ಮೃದು ಲೆನ್ಸನ್ನು ಹೊದಿಸಿ ದಪ್ಪದ ಕೊರತೆಯನ್ನು ತುಂಬುವ ಉಪಾಯವನ್ನು ಚೆನ್ನೈನ ಡಾ. ಸೂಸನ್ ಜೇಕಬ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಅದನ್ನು ನಮ್ಮ ಬಿಸಿಲು ಸೀಮೆಯ, ಹಗಲಿರುಳು ಕಣ್ಣುಜ್ಜುವ ಮಕ್ಕಳಿಗೆ ಒಗ್ಗಿಸಿದ್ದು ಮಾತ್ರ ನನ್ನ ಪಾಲಿನ ಕೆಲಸ.

ಇದಕ್ಕೂ ಮೊದಲು ನಾನು ನೆಚ್ಚಿಕೊಂಡಿದ್ದು ಕಾರ್ನಿಯಾವನ್ನು ಉಬ್ಬಿಸುವ ಹೈಪೊಟಾನಿಕ್ ರೈಬೋಫ್ಲೇವಿನ್ ದ್ರಾವಣವನ್ನು. ಆ ಹನಿ ಬಿದ್ದರೆ 360ರ ಆಸುಪಾಸಿನ ಕಾರ್ನಿಯಾ ಉಬ್ಬಿ 400 ದಾಟುವುದು ನಿಜವೇ. ಆದರೆ ದೀಪ ಹಚ್ಚಿದ ಹತ್ತು ಹದಿನೈದು ನಿಮಿಷಗಳಲ್ಲಿ ಅದು ಮತ್ತೆ ಕುಗ್ಗುತ್ತಿತ್ತು, ಅರ್ಧದಲ್ಲಿ ದೀಪ ಆರಿಸಿ ಪುನಃ ಹನಿ ಹಾಕಿ ಅಳೆಯುವಷ್ಟರಲ್ಲಿ ಮಗುವಿನ ತಾಳ್ಮೆಯೂ ಸಿಬ್ಬಂದಿಯ ತಾಳ್ಮೆಯೂ ಮುಗಿದಿರುತ್ತಿತ್ತು. ಎಪಿಥೀಲಿಯಂ (ಕಾರ್ನಿಯಾದ ಹೊರಪದರ) ತೆಗೆಯದೆ ಮಾಡುವ ಕ್ರಮವನ್ನೂ ಕೆಲವರಲ್ಲಿ ಪರೀಕ್ಷಿಸಿದೆ. ನೋವಿಲ್ಲವೆಂದು ತಂದೆತಾಯಿಗಳು ಸಂತೋಷಪಟ್ಟರು, ವರ್ಷ ತುಂಬುವುದರೊಳಗೆ ಅವರಲ್ಲಿ ಹಲವರ ಕೆಮ್ಯಾಕ್ಸ್ (ಕಾರ್ನಿಯಾದ ಅತಿ ಕಡಿದಾದ ಬಾಗುವಿಕೆಯ ಅಳತೆ) ಒಂದೂವರೆ ಎರಡು ಡಯಾಪ್ಟರ್ ಮೇಲೇರಿತ್ತು, ಅಂದರೆ ರೋಗ ಮುಂದುವರಿದಿತ್ತು. ಕೊಟ್ಟ ಹಣ ವ್ಯರ್ಥವಾದಾಗ ಕೂಲಿ ಮಾಡುವ ತಂದೆಯನ್ನು ಎದುರಿಸುವುದು ಸುಲಭವಲ್ಲ. ಎರಡನೆಯ ಬಾರಿಯ ಖರ್ಚನ್ನು ನಾನೇ ಹೊತ್ತದ್ದೂ ಉಂಟು.

ಈಗಿನ ಕ್ರಮ ಹೀಗಿದೆ. ರೈಬೋಫ್ಲೇವಿನ್‌ಗೆ ಬೆರೆಸುವ ಡೆಕ್ಸ್‌ಟ್ರಾನ್ ಕಾರ್ನಿಯಾವನ್ನು ಒಣಗಿಸಿ ಇನ್ನಷ್ಟು ತೆಳುವಾಗಿಸುವುದರಿಂದ, ಅದರ ಬದಲು ಎಚ್‌ಪಿಎಂಸಿ ಎಂಬ ಮಂದಕಾರಕ ಬೆರೆತ 0.1% ರೈಬೋಫ್ಲೇವಿನ್ ಬಳಸುತ್ತೇನೆ. ಎಪಿಥೀಲಿಯಂ ತೆಗೆದು ಅರ್ಧ ಗಂಟೆ ಹನಿ ಹಾಕುವ ಹೊತ್ತಿನಲ್ಲೇ ಲೆನ್ಸನ್ನೂ ಅದೇ ದ್ರಾವಣದಲ್ಲಿ ನೆನೆಸಿಡುತ್ತೇನೆ. ಸುಮಾರು 90 ಮೈಕ್ರಾನ್ ದಪ್ಪದ, ಪವರ್ ಇಲ್ಲವೆನ್ನುವಷ್ಟು ಕಡಿಮೆ ಇರುವ, ಒಂದು ದಿನ ಬಳಸಿ ಎಸೆಯುವ ಲೆನ್ಸ್ ಸಾಕು, ಆದರೆ ಅದರಲ್ಲಿ ಯುವಿ ತಡೆ ಇರಲೇಕೂಡದು. ಹೊದಿಸಿದ ಮೇಲೆ ಅತಿ ತೆಳುವಾದ ಜಾಗದಲ್ಲಿ ಅಳೆದು, ಒಟ್ಟು ದಪ್ಪ 400 ದಾಟಿದರೆ ಮಾತ್ರ ಚದರ ಸೆಂಟಿಮೀಟರಿಗೆ 3 ಮಿಲಿವ್ಯಾಟ್‌ನಲ್ಲಿ 30 ನಿಮಿಷ ದೀಪ ಹಿಡಿಯುತ್ತೇನೆ. ಲೆನ್ಸಿನಡಿ ಗುಳ್ಳೆ ನಿಲ್ಲದಂತೆಯೂ ಅದು ಜಾರದಂತೆಯೂ ಕೂರಿಸಲು ನನ್ನದೇ ಒಂದು ಕೈಚಳಕವಿದೆ; ಅದನ್ನು ಬರೆದು ತಿಳಿಸಲಾಗದು, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ. ಎಪಿಥೀಲಿಯಂ ತೆಗೆದ ಮೇಲೆ 330ಕ್ಕಿಂತ ಕೆಳಗಿರುವ ಕಣ್ಣನ್ನು ನಾನು ಮುಟ್ಟುವುದಿಲ್ಲ.

ಲೆನ್ಸು ಬೆಳಕನ್ನು ಎಷ್ಟು ನುಂಗುತ್ತದೆ ಎಂಬ ಕುತೂಹಲಕ್ಕೆ ಯುವಿ ಮೀಟರಿನ ಮೇಲೆ ನೆನೆದ ಲೆನ್ಸನ್ನಿಟ್ಟು ಒಂದು ಸಂಜೆ ಅಳೆದೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಕಡಿಮೆಯಾಗಿತ್ತು. ಕ್ರಾಸ್‌ಲಿಂಕಿಂಗ್‌ಗೆ ಬೇಕಾದ ಆಮ್ಲಜನಕದ ಹರಿವಿಗೂ ಅದು ಅಡ್ಡಿ, ಆದ್ದರಿಂದ ಒಸಿಟಿಯಲ್ಲಿ (ಕಾರ್ನಿಯಾದ ಪದರಗಳನ್ನು ತೋರಿಸುವ ಸ್ಕ್ಯಾನ್) ಕಾಣುವ, ಚಿಕಿತ್ಸೆ ಎಷ್ಟು ಆಳಕ್ಕಿಳಿದಿದೆ ಎಂದು ಸೂಚಿಸುವ ಗೆರೆ ಸಾಮಾನ್ಯ ಕಣ್ಣುಗಳಿಗಿಂತ ಮೇಲ್ಮಟ್ಟದಲ್ಲೇ ನಿಲ್ಲುತ್ತದೆ. 9 ಮಿಲಿವ್ಯಾಟ್‌ನಲ್ಲಿ ಹತ್ತು ನಿಮಿಷಕ್ಕೆ ಮುಗಿಸಲು ಹೋದಾಗ ಆ ಗೆರೆ ಇನ್ನೂ ಮೇಲೇರಿದ್ದರಿಂದ ಲೆನ್ಸ್ ಹೊದಿಸಿದ ಕಣ್ಣಿಗೆ ಆತುರದ ದೀಪವನ್ನು ಕೈಬಿಟ್ಟೆ. ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಹಫೇಜಿಯವರ ತಂಡ 2021ರಲ್ಲಿ ಪ್ರಕಟಿಸಿದ, ದಪ್ಪಕ್ಕೆ ತಕ್ಕಂತೆ ದೀಪದ ಅವಧಿಯನ್ನೇ ಇಳಿಸುವ ಕ್ರಮವನ್ನೂ ಒಂದೆರಡು ಕಣ್ಣುಗಳಲ್ಲಿ ಆರಂಭಿಸಿದ್ದೇನೆ, ತೀರ್ಪು ಕೊಡಲು ಇನ್ನೂ ಕಾಲವಿದೆ.

ನನ್ನ ಮಟ್ಟಿಗೆ ಫಲಿತಾಂಶವನ್ನು ನಿಜವಾಗಿ ಬದಲಿಸಿದ್ದು ಅಲರ್ಜಿಯ ಹತೋಟಿ, ಏಕೆಂದರೆ ಕಣ್ಣುಜ್ಜುವುದು ರೋಗವನ್ನು ಹೆಚ್ಚಿಸುತ್ತದೆ. ರಾಯಚೂರು, ಯಾದಗಿರಿಯಿಂದ ಬರುವ ಹನ್ನೆರಡರಿಂದ ಹದಿನೆಂಟರ ಹುಡುಗರಲ್ಲಿ ಬಹುಪಾಲು ವರ್ನಲ್ ಅಲರ್ಜಿಯವರು (ಕಣ್ಣು ತೀವ್ರವಾಗಿ ತುರಿಸುವ, ಬೇಸಿಗೆಯಲ್ಲಿ ಹೆಚ್ಚುವ ಅಲರ್ಜಿ), ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಹಾಕಿಕೊಂಡು ಕಣ್ಣಿನ ಒತ್ತಡ ಏರಿಸಿಕೊಂಡವರೂ ಅವರಲ್ಲಿದ್ದಾರೆ. ಅವರಿಗೆ ಮೊದಲು ಓಲೋಪಟಡೀನ್ ಹನಿ ಮತ್ತು 0.03% ಟ್ಯಾಕ್ರೊಲಿಮಸ್ ಮುಲಾಮು. ಉಜ್ಜುವುದು ನಿಂತಿದೆಯೆಂದು ತಾಯಿ ಒಪ್ಪಿದ ಮೇಲೆಯೇ ದಿನ ನಿಗದಿ. ಮಾರ್ಚ್‌ನಿಂದ ಮೇವರೆಗೆ ತೀರಾ ಅನಿವಾರ್ಯವಾಗದೆ ಯಾರಿಗೂ ಮಾಡುವುದಿಲ್ಲ. ನೆನಪಿನಿಂದ ಹೇಳುವುದಾದರೆ, ಈವರೆಗಿನ ನಲವತ್ತರಷ್ಟು ತೆಳು ಕಣ್ಣುಗಳಲ್ಲಿ ಮೂರ್ನಾಲ್ಕನ್ನು ಬಿಟ್ಟು ಉಳಿದವುಗಳಲ್ಲೆಲ್ಲ ರೋಗ ಮುಂದುವರಿಯುವುದು ನಿಂತಿದೆ, ಕೆಲವು ಒಂದು ಡಯಾಪ್ಟರ್‌ನಷ್ಟು ಚಪ್ಪಟೆಯೂ ಆಗಿವೆ. ಎಂಡೋಥೀಲಿಯಂ (ಕಾರ್ನಿಯಾದ ಒಳಪದರ) ಜೀವಕೋಶಗಳ ಎಣಿಕೆಯಲ್ಲಿ ಕಳವಳಪಡುವಂಥ ಇಳಿಕೆ ಕಂಡಿಲ್ಲ. ರೋಗ ಮುಂದುವರಿದ ಮೂರ್ನಾಲ್ಕೂ ಉಜ್ಜುವುದನ್ನು ಬಿಡದವರ ಕಣ್ಣುಗಳು.

ಖರ್ಚಿನ ಮಾತು ಕೇಳುವವರು ಬಹಳ. ದೀಪದ ಯಂತ್ರಕ್ಕೆ ಅಂದು ಐದು ಲಕ್ಷದ ಆಸುಪಾಸು ಕೊಟ್ಟೆ, ಸಾಲ ತೀರಲು ವರ್ಷಗಳೇ ಬೇಕಾದವು. ರೈಬೋಫ್ಲೇವಿನ್ ಬಾಟಲಿಗೆ ಎರಡು ಸಾವಿರದ ಹತ್ತಿರ, ಲೆನ್ಸಿಗೆ ನೂರು ರೂಪಾಯಿಯೊಳಗೆ. ಚಿಕ್ಕ ಮಕ್ಕಳಿಗೆ ಅರಿವಳಿಕೆ ಬೇಕಾದರೆ ಅದರ ಖರ್ಚೇ ಉಳಿದೆಲ್ಲದಕ್ಕಿಂತ ದೊಡ್ಡದು. ಹಾಗಾಗಿ ಅಂಥವರನ್ನು ಒಂದೇ ದಿನಕ್ಕೆ ಸೇರಿಸಿ ಅರಿವಳಿಕೆ ತಜ್ಞರನ್ನು ಕರೆಸುತ್ತೇನೆ. ಅವರ ಅಣ್ಣ ತಂಗಿಯರಿಗೂ ಅಂದೇ ಹಣ ಪಡೆಯದೆ ಟೊಪೊಗ್ರಫಿ (ಕಾರ್ನಿಯಾದ ಆಕಾರ ಅಳೆಯುವ ಪರೀಕ್ಷೆ) ಮಾಡಿಸುತ್ತೇನೆ. ಕಾರ್ನಿಯಾ ಇನ್ನೂ 450ರ ಮೇಲಿರುವಾಗಲೇ ಸಿಕ್ಕ ಕೆಲವರಿಗೆ ಲೆನ್ಸಿನ ಅಗತ್ಯವೇ ಬೀಳಲಿಲ್ಲ.