ಹೊಸಬರಿಗೆ ಮಾರ್ಗದರ್ಶಿ: ಕ್ಯಾಲಿಫೋರ್ನಿಯಾದಲ್ಲಿ ಮನಸ್ಸಿನ ಚಿಕಿತ್ಸೆ, ಚಟದ ಚಿಕಿತ್ಸೆ ಮತ್ತು ನಿಮ್ಮ ಇನ್ಶೂರೆನ್ಸ್ ಕಾರ್ಡು

ಕೂಟದ ಯುಗಾದಿ ಊಟದ ಸಾಲಿನಲ್ಲಿ ಹೊಸಬರು ಗಟ್ಟಿಯಾಗಿ ಕೇಳುವುದು ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಶಾಲೆ, ಒಳ್ಳೆ ತೊಗರಿಬೇಳೆ ಎಲ್ಲಿ ಸಿಗುತ್ತದೆ ಅಂತ. ಊಟ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಬಾಗಿಲು ಹಿಡಿದುಕೊಂಡು, ಇನ್ನೊಂದು ಪ್ರಶ್ನೆ ಬರುತ್ತದೆ. "ಇವಳಿಗೆ ಎರಡು ತಿಂಗಳಿಂದ ರಾತ್ರಿ ನಿದ್ದೇನೇ ಇಲ್ಲ ಸಾರ್, ಸುಮ್‌ಸುಮ್ನೆ ಅಳ್ತಾಳೆ." "ನಮ್ಮನೆಯವ್ರು ವಾರಕ್ಕೊಂದಿನ ಕುಡೀತಿದ್ರು ಅಕ್ಕಾ, ಈಗ ದಿನಾ." ಕೈಪಿಡಿಯ ಈ ಭಾಗ ಅವರಿಗಾಗಿ. ನಾವು ವಕೀಲರಲ್ಲ, ಡಾಕ್ಟರೂ ಅಲ್ಲ. ಇನ್ಶೂರೆನ್ಸ್ ಕಂಪನಿಗಳ ಜೊತೆ ಗುದ್ದಾಡಿ ಕಲಿತವರು.

ಈ ರಾಜ್ಯದ ಕಾನೂನು ಏನು ಹೇಳುತ್ತದೆ

1999ರ ಹಳೇ ಕಾನೂನು ದೊಡ್ಡವರ ವಿಷಯದಲ್ಲಿ ಒಂಬತ್ತು ತೀವ್ರ ಮಾನಸಿಕ ಕಾಯಿಲೆಗಳಿಗೆ ಮಾತ್ರ ರಕ್ಷಣೆ ಕೊಟ್ಟಿತ್ತು. ಕುಡಿತ, ಮಾದಕವಸ್ತುಗಳ ಚಟ ಆ ಪಟ್ಟಿಯಲ್ಲೇ ಇರಲಿಲ್ಲ. ಸೆನೆಟರ್ ಸ್ಕಾಟ್ ವೀನರ್ 2020ರಲ್ಲಿ ತಂದ ಎಸ್‌ಬಿ 855 ಎಂಬ ಕಾನೂನು ಇದನ್ನು ಬದಲಾಯಿಸಿತು. 2021ರ ಜನವರಿ 1ರಿಂದ, ಮನೋವೈದ್ಯರ ರೋಗಪಟ್ಟಿಯಲ್ಲಿರುವ ಯಾವುದೇ ಮಾನಸಿಕ ತೊಂದರೆಗೆ, ಯಾವುದೇ ಚಟಕ್ಕೆ ಅಗತ್ಯವಿರುವಷ್ಟು ಚಿಕಿತ್ಸೆಯನ್ನು ಇನ್ಶೂರೆನ್ಸ್ ಭರಿಸಬೇಕು. "ಹುಷಾರಾದ ಹಾಗೆ ಕಾಣುತ್ತಿದೆ, ಇನ್ನು ಸಾಕು" ಎಂದು ತನ್ನದೇ ಲೆಕ್ಕದಲ್ಲಿ ಕಂಪನಿ ಕೈತೊಳೆದುಕೊಳ್ಳುವಂತಿಲ್ಲ. ಎಷ್ಟು ಬೇಕು ಎಂಬುದಕ್ಕೆ ಅಳತೆಗೋಲು ವೈದ್ಯರ ವೃತ್ತಿಸಂಘಗಳದ್ದು.

ಕಾಯಿಸುವುದಕ್ಕೂ ಮಿತಿ ಇದೆ. ತುರ್ತಲ್ಲದಿದ್ದರೆ ಥೆರಪಿಸ್ಟ್ ಅಪಾಯಿಂಟ್‌ಮೆಂಟ್ 10 ಕೆಲಸದ ದಿನದೊಳಗೆ, ಮನೋವೈದ್ಯರದ್ದು 15 ಕೆಲಸದ ದಿನದೊಳಗೆ ಸಿಗಬೇಕು. ಮೊದಲ ಭೇಟಿ ಬೇಗ ಕೊಟ್ಟು ಎರಡನೆಯದನ್ನು ಎರಡು ತಿಂಗಳು ತಳ್ಳುವ ಚಾಳಿ ಇತ್ತು. 2022ರ ಜುಲೈಯಿಂದ ಜಾರಿಗೆ ಬಂದ ಎಸ್‌ಬಿ 221 ಥೆರಪಿಯ ಮುಂದಿನ ಭೇಟಿಗೂ ಅದೇ 10 ದಿನ ಎಂದಿದೆ. ನೆಟ್‌ವರ್ಕಿನಲ್ಲಿ, ಅಂದರೆ ಕಂಪನಿಯ ಜೊತೆ ಒಪ್ಪಂದವಿರುವ ವೈದ್ಯರಲ್ಲಿ, ಯಾರೂ ಸಿಗದಿದ್ದರೆ ಹೊರಗಿನವರನ್ನು ಹುಡುಕಿಕೊಡುವುದು ಕಂಪನಿಯ ಕೆಲಸ, ನೀವು ಕೊಡಬೇಕಾದ್ದು ಇನ್-ನೆಟ್‌ವರ್ಕ್ ಕೋಪೇ (ಭೇಟಿಗೆ ನಿಮ್ಮ ಪಾಲಿನ ಹಣ) ಅಷ್ಟೇ. ವೆಬ್‌ಸೈಟಿನ ಪಟ್ಟಿ ಹಿಡಿದು ಹನ್ನೆರಡು ಜನಕ್ಕೆ ಫೋನ್ ಮಾಡಿ, "ಹೊಸ ಪೇಷೆಂಟ್ ತಗೊಳ್ತಿಲ್ಲ" ಅಂತ ಹನ್ನೆರಡು ಸಲ ಕೇಳಿಸಿಕೊಂಡು ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ಆ ಹನ್ನೆರಡು ಹೆಸರು, ತಾರೀಕು ಒಂದು ಹಾಳೆಯಲ್ಲಿ ಬರೆದಿಡಿ. ಕಂಪನಿಗೆ ಫೋನ್ ಮಾಡಿದಾಗ ಆ ಹಾಳೆಯೇ ನಿಮ್ಮ ಪರ ಮಾತಾಡುತ್ತದೆ.

ಕಾನೂನು ಕಾಗದದ ಮೇಲಷ್ಟೇ ಇಲ್ಲ. ಮಾನಸಿಕ ಚಿಕಿತ್ಸೆಯ ವಿಳಂಬ ಮತ್ತಿತರ ಲೋಪಗಳಿಗಾಗಿ 2023ರಲ್ಲಿ ಕೈಸರ್ ಎಂಬ ದೊಡ್ಡ ಇನ್ಶೂರೆನ್ಸ್-ಆಸ್ಪತ್ರೆ ಸಂಸ್ಥೆ ರಾಜ್ಯದೊಡನೆ 20 ಕೋಟಿ ಡಾಲರ್ ಒಪ್ಪಂದಕ್ಕೆ ಬಂತು: 5 ಕೋಟಿ ದಂಡ, ಉಳಿದದ್ದು ಸೇವೆ ಸುಧಾರಿಸಲು.

ಮೊದಲು ಎಚ್‌ಆರ್‌ಗೆ ಈ ಒಂದು ಪ್ರಶ್ನೆ

"ನಮ್ಮ ಪ್ಲಾನ್ ಸೆಲ್ಫ್-ಫಂಡೆಡ್ಡೋ, ಫುಲ್ಲಿ ಇನ್ಶೂರ್ಡೋ?" ನಮ್ಮವರು ತುಂಬ ಜನ ಎಡವುವುದು ಇಲ್ಲೇ. ಎಷ್ಟೋ ದೊಡ್ಡ ಟೆಕ್ ಕಂಪನಿಗಳು ನೌಕರರ ಆಸ್ಪತ್ರೆ ಖರ್ಚನ್ನು ತಾವೇ ಭರಿಸುತ್ತವೆ. ಇನ್ಶೂರೆನ್ಸ್ ಕಂಪನಿ ಬರೀ ಲೆಕ್ಕ ನೋಡಿಕೊಳ್ಳುತ್ತದೆ. ಕಾರ್ಡಿನ ಮೇಲೆ ಅದೇ ಲೋಗೋ ಇರುವುದರಿಂದ ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಸೆಲ್ಫ್-ಫಂಡೆಡ್ ಪ್ಲಾನಿಗೆ ಮೇಲೆ ಹೇಳಿದ ರಾಜ್ಯದ ಕಾನೂನು ತಾಗುವುದಿಲ್ಲ. ಅದಕ್ಕೆ ಇರುವುದು ಅಮೆರಿಕದ ಕೇಂದ್ರ ಸರ್ಕಾರದ 2008ರ ಸಮಾನತೆ ಕಾನೂನು (ಮನಸ್ಸಿನ ಚಿಕಿತ್ಸೆಯನ್ನು ಮೈಯ ಚಿಕಿತ್ಸೆಯ ಸಮಕ್ಕೆ ನೋಡಬೇಕು ಎನ್ನುವುದು), ದೂರು ಕೇಂದ್ರದ ಕಾರ್ಮಿಕ ಇಲಾಖೆಗೆ: 1-866-444-3272. ಪಕ್ಕದ ಮನೆಯವರಿಗೆ ಸಿಕ್ಕಿದ್ದು ನಿಮಗೆ ಸಿಗದಿದ್ದರೆ ಕಾರಣ ಇದಿರಬಹುದು. ಇಂಥ ಕಂಪನಿಗಳಲ್ಲಿ ಬಹುಮಟ್ಟಿಗೆ ಇಎಪಿ ಎಂಬ ನೌಕರರ ಆಪ್ತಸಲಹೆಯ ಸೌಲಭ್ಯ ಇರುತ್ತದೆ, ಕೆಲವು ಸಿಟ್ಟಿಂಗ್ ಉಚಿತ. ಅಲ್ಲಿಂದ ಶುರುಮಾಡಿ.

ಪ್ಲಾನ್ ಫುಲ್ಲಿ ಇನ್ಶೂರ್ಡ್ ಆಗಿದ್ದು, ಅಂದರೆ ಖರ್ಚನ್ನು ಇನ್ಶೂರೆನ್ಸ್ ಕಂಪನಿಯೇ ಭರಿಸುವಂತಿದ್ದು, ಅದು ಚಿಕಿತ್ಸೆಗೆ ಒಲ್ಲೆ ಎಂದರೆ ಮೊದಲು ಅವರಲ್ಲೇ ಗ್ರೀವೆನ್ಸ್ (ದೂರು) ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ಹೆಲ್ತ್ ಪ್ಲಾನುಗಳ ಮೇಲೆ ಕಣ್ಣಿಡುವ ರಾಜ್ಯದ ಇಲಾಖೆ ಡಿಎಂಎಚ್‌ಸಿಗೆ ಫೋನ್ ಮಾಡಿ: 1-888-466-2219. ಹೊರಗಿನ ಸ್ವತಂತ್ರ ವೈದ್ಯರು ಕಡತ ನೋಡುತ್ತಾರೆ, ಅವರ ತೀರ್ಮಾನವನ್ನು ಕಂಪನಿ ಪಾಲಿಸಲೇಬೇಕು. ನಿಮಗೆ ಒಂದು ಡಾಲರೂ ಖರ್ಚಿಲ್ಲ. ಜೀವಕ್ಕೆ ಅಪಾಯವಿದ್ದರೆ 30 ದಿನ ಕಾಯುವುದು ಬೇಡ.

ಭಾಷೆ

ಅಪಾಯಿಂಟ್‌ಮೆಂಟಿಗೆ ದುಭಾಷಿಯನ್ನು ಉಚಿತವಾಗಿ ಕೇಳುವ ಹಕ್ಕು ನಿಮಗಿದೆ. ಅತ್ತೆಯವರಿಗಾಗಿ ನಾನೊಮ್ಮೆ ಕೇಳಿದೆ. "ಕನ್ನಡ" ಅಂದೆ. ಆ ಕಡೆಯ ಹುಡುಗಿ ತುಂಬ ಖುಷಿಯಿಂದ, "ಕೆನಡಾ? ಹಾಗಾದರೆ ಫ್ರೆಂಚ್ ದುಭಾಷಿ ಕೊಡುತ್ತೇನೆ" ಅಂದಳು. ಅದನ್ನು ತಿದ್ದಿದ ಮೇಲೆ "ಹಿಂದಿ ಆಗುತ್ತಾ?" ಅಂತ ಬಂತು. ಆಗುವುದಿಲ್ಲ ಎಂದೇ ಹೇಳಿ. ಮನಸ್ಸಿನ ವಿಷಯ ಅರ್ಧಂಬರ್ಧ ಹಿಂದಿಯಲ್ಲಿ ಹೇಳುವಂಥದ್ದಲ್ಲ. ಭಾಷೆಯ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ಎರಡು ದಿನ ಮುಂಚೆಯೇ ಹೇಳಿ. ಮಗನನ್ನೋ ಮಗಳನ್ನೋ ದುಭಾಷಿಯಾಗಿ ಕೂರಿಸಬೇಡಿ. ಅವರೆದುರು ಅಮ್ಮ ನಿಜ ಹೇಳುವುದಿಲ್ಲ.

ಗುಟ್ಟು ಮತ್ತು ವೀಸಾ

"ಗಂಡನ ಇನ್ಶೂರೆನ್ಸ್, ಕಾಗದ ಅವರ ಹೆಸರಿಗೇ ಬರುತ್ತಲ್ಲಾ?" ಎಚ್-4ನಲ್ಲಿ (ಗಂಡನ ಕೆಲಸದ ವೀಸಾಕ್ಕೆ ಅಂಟಿದ ವೀಸಾ) ಇರುವ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ. 2022ರ ಜುಲೈಯಿಂದ ಜಾರಿಯಲ್ಲಿರುವ ಎಬಿ 1184 ಎಂಬ ಕಾನೂನಿನ ಪ್ರಕಾರ ಮಾನಸಿಕ ಚಿಕಿತ್ಸೆ, ಚಟದ ಚಿಕಿತ್ಸೆಯ ಕಾಗದಪತ್ರ ಚಿಕಿತ್ಸೆ ಪಡೆದವರಿಗೇ ನೇರ ಹೋಗಬೇಕು. ಆದರೂ ನಿಮ್ಮದೇ ಇಮೇಲ್, ವಿಳಾಸ ಕೊಟ್ಟು ಒಮ್ಮೆ ಖಚಿತ ಮಾಡಿಕೊಳ್ಳಿ. ಇದೂ ರಾಜ್ಯದ ಕಾನೂನೇ, ಸೆಲ್ಫ್-ಫಂಡೆಡ್ ಪ್ಲಾನಿನವರು ಮೊದಲೇ ವಿಚಾರಿಸಿ.

ಖಿನ್ನತೆಗೆ ಥೆರಪಿಗೆ ಹೋದರೆ ವೀಸಾ ಹೋಗುತ್ತದೆ ಎಂಬುದು ವಾಟ್ಸಾಪ್ ಗುಂಪುಗಳ ಕಟ್ಟುಕತೆ. ಹೆದರಬೇಕಾದ್ದು ಬೇರೆ ಎರಡಕ್ಕೆ. ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರೆ, ಶಿಕ್ಷೆಯಾಗುವ ಮೊದಲೇ, ಬರೀ ಅರೆಸ್ಟ್ ಆದ ಕಾರಣಕ್ಕೇ ವೀಸಾ ರದ್ದಾಗಬಹುದು. ಇನ್ನೊಂದು ಗಾಂಜಾ. ಇಲ್ಲಿ 2018ರಿಂದ ಅಂಗಡಿಯಲ್ಲೇ ಮಾರುತ್ತಾರೆ, ರಾಜ್ಯಕ್ಕೆ ಅದು ತಪ್ಪಲ್ಲ. ಕೇಂದ್ರ ಸರ್ಕಾರಕ್ಕೆ ತಪ್ಪು, ವೀಸಾ ಮತ್ತು ಗ್ರೀನ್ ಕಾರ್ಡ್ ಕೊಡುವುದು ಕೇಂದ್ರವೇ. ಸೇದಿದ್ದೇನೆ ಎಂದು ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆಯಲ್ಲಿ ಒಪ್ಪಿಕೊಂಡರೂ ತೊಡಕಾಗಬಹುದು, ಸುಳ್ಳು ಹೇಳಿದರೆ ಇನ್ನೂ ದೊಡ್ಡ ತೊಡಕು. ಇಂಥದ್ದಿದ್ದರೆ ತಪಾಸಣೆಗೆ ಮೊದಲೇ ಇಮಿಗ್ರೇಶನ್ ವಕೀಲರನ್ನು ಕಾಣಿ. ಆದರೆ ಆ ಭಯಕ್ಕೆ ಕುಡಿತದ ಚಿಕಿತ್ಸೆಯನ್ನೇ ಮುಂದೂಡುವುದು ನಮಗಂತೂ ಸರಿ ಕಾಣುವುದಿಲ್ಲ.

ತುರ್ತಿನಲ್ಲಿ

ಸಾಯುವ ಮಾತು ಬಂದರೆ 988 ಸಹಾಯವಾಣಿಗೆ ಫೋನ್ ಅಥವಾ ಮೆಸೇಜ್ ಮಾಡಿ, ಹಗಲು ರಾತ್ರಿ ಇರುತ್ತದೆ. ಫೋನಿನಲ್ಲಿ ದುಭಾಷಿ ಕೇಳಬಹುದು. ಏಳನೇ ತರಗತಿ ಅಥವಾ ಅದಕ್ಕೂ ಮೇಲಿನ ತರಗತಿಯಲ್ಲಿರುವ ಮಗುವಿನ ಶಾಲೆಯ ಐಡಿ ಕಾರ್ಡ್ ತಿರುಗಿಸಿ ನೋಡಿ, ಸಹಾಯವಾಣಿಯ ನಂಬರ್ ಅಚ್ಚಾಗಿರುತ್ತದೆ; ಅದೂ ಈ ರಾಜ್ಯದ ಕಾನೂನೇ. ಕಣ್ಣೆದುರೇ ಅಪಾಯ ಇದ್ದರೆ 911. ಆಗ "ಇದು ಮೆಂಟಲ್ ಹೆಲ್ತ್ ಎಮರ್ಜೆನ್ಸಿ, ತರಬೇತಾದ ಅಧಿಕಾರಿಯನ್ನು ಕಳಿಸಿ" ಎಂದೇ ಹೇಳಿ. "5150" ಎಂದರೆ ಗಾಬರಿ ಬೇಡ: ತಪಾಸಣೆಗೆಂದು 72 ಗಂಟೆಯವರೆಗೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವ ಕಲಮಿನ ಸಂಖ್ಯೆ ಅದು. ಅಪರಾಧದ ಕೇಸಲ್ಲ.

ಅಪ್ಪ-ಅಮ್ಮ ಬರುವಾಗ

ವಿಸಿಟರ್ ಇನ್ಶೂರೆನ್ಸನ್ನು ನಂಬಿ ಕೂರಬೇಡಿ, ಮೇಲಿನ ಯಾವ ಕಾನೂನೂ ಅದಕ್ಕಿಲ್ಲ. ಮೊದಲೇ ಇದ್ದ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ನಿದ್ದೆ ಮಾತ್ರೆ, ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ, ಔಷಧದ ಮೂಲ ಹೆಸರಿನೊಂದಿಗೆ ಬರೆಸಿಕೊಂಡು, ಮಾತ್ರೆಗಳನ್ನು ಅಂಗಡಿಯ ಸ್ಟ್ರಿಪ್ಪಿನಲ್ಲೇ ಕೈಚೀಲದಲ್ಲಿಟ್ಟು ತರಲಿ. ಊರಲ್ಲೇ ಉಳಿದವರಿಗೆ ಟೆಲಿ-ಮಾನಸ್ ಎಂಬ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ದೇಶದಾದ್ಯಂತ ಅದರ ಉಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದು. ಆ ನಂಬರನ್ನು ಅವರ ಫೋನಿನಲ್ಲಿ ಈ ಭಾನುವಾರದ ವಿಡಿಯೋ ಕಾಲಿನಲ್ಲೇ ಸೇವ್ ಮಾಡಿಸಿ.