ಮೊದಲು ರೀಲ್ಸ್, ಆಮೇಲೆ ಶೂಟಿಂಗ್: ನಮ್ಮ ಸಿನಿಮಾ ಮುಗಿಸಿದ ಬಗೆ

ಸಿನಿಮಾದೊಳಗೆ ಬರುವ ರೀಲ್ಸ್‌ಗಳನ್ನು ಮೊದಲು ನಿಜವಾಗಿಯೂ ಹಾಕೋಣ, ಆಮೇಲೆ ಉಳಿದ ಶೂಟಿಂಗ್‌ಗೆ ಹೋಗೋಣ ಎಂದು ನಾನು ಹೇಳಿದಾಗ ಕ್ಯಾಮೆರಾಮನ್ ಸೇರಿ ಎಲ್ಲರೂ ಬೇಡ ಎಂದರು. ಕಥೆ ಮೊದಲೇ ಬಯಲಾಗುತ್ತೆ ಅನ್ನೋದು ಅವರ ಭಯ. ಈಗ ಫಸ್ಟ್ ಕಾಪಿ, ಅಂದರೆ ಎಲ್ಲ ಕೆಲಸ ಮುಗಿದ ಸಿನಿಮಾ, ಕೈಯಲ್ಲಿದೆ. ಜನ ಜಾಸ್ತಿ ನಗುವುದು ಆ ರೀಲ್ಸ್ ಬಂದಾಗಲೇ.

ಕಥೆ ತಿಪಟೂರಿನದು. ಕಾಯಿ ಸುಲಿಯುವ ಹುಡುಗ ಒಂದು ರೀಲ್‌ನಿಂದ ಫೇಮಸ್ ಆಗುತ್ತಾನೆ. ಅಂಗಡಿ ಉದ್ಘಾಟನೆಗೆಲ್ಲ ಕರೆಯುತ್ತಾರೆ, ಕೂಲಿಗೆ ಮಾತ್ರ ಯಾರೂ ಕರೆಯುವುದಿಲ್ಲ. ಮೊದಲ ಸ್ಕ್ರಿಪ್ಟ್ ಟಿಕ್‌ಟಾಕ್ ಮೇಲಿತ್ತು. 2020ರ ಜೂನ್ ಕೊನೆಗೆ ಅದು ಬ್ಯಾನ್ ಆಯಿತು. ತೊಂಬತ್ತು ಪುಟ ಎತ್ತಿಟ್ಟೆ. ಜುಲೈನಲ್ಲಿ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂದ ಮೇಲೆ ಮತ್ತೆ ಬರೆಯಲು ಕೂತೆ.

ಮೊದಲ ಶೆಡ್ಯೂಲ್‌ನಲ್ಲಿ ರೀಲ್ಸ್‌ಗಳನ್ನೂ ಸಿನಿಮಾ ಕ್ಯಾಮೆರಾದಲ್ಲೇ ತೆಗೆದೆವು. ಎಡಿಟಿಂಗ್‌ನಲ್ಲಿ ನೋಡಿದರೆ ಕೊಬ್ಬರಿ ಎಣ್ಣೆ ಜಾಹೀರಾತಿನ ಹಾಗಿತ್ತು. ನಾಲ್ಕು ದಿನದ ಕೆಲಸ, ಹತ್ತಿರ ಹತ್ತಿರ 2 ಲಕ್ಷ, ಎಲ್ಲ ನೀರುಪಾಲು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ನಾಯಕನಿಗೆ 9 ಸಾವಿರದ ಸೆಕೆಂಡ್ ಹ್ಯಾಂಡ್ ಫೋನ್ ಕೊಟ್ಟು ಎರಡು ತಿಂಗಳು ತಿಪಟೂರಿನಲ್ಲೇ ಇರಿಸಿದೆ. ಹೇಳಿದ್ದು ಒಂದೇ ಮಾತು: ‘ನಗಿಸೋಕೆ ಹೋಗಬೇಡ, ಹೆಸರು ಮಾಡೋಕೆ ತೆಗಿ.’ ಅರವತ್ತು ಚಿಲ್ಲರೆ ರೀಲ್ಸ್ ಹಾಕಿದ. ಮೊದಲ ಇಪ್ಪತ್ತು 200 ವ್ಯೂಸ್ ದಾಟಲಿಲ್ಲ. ಹಿಂದಿನಿಂದ ಮಂಡಿ ಯಜಮಾನರು ಬೈಯುತ್ತಿದ್ದ ಒಂದು ಮಾತ್ರ 3 ಲಕ್ಷಕ್ಕೆ ಹೋಯಿತು! ಅವರಿಂದ ಒಪ್ಪಿಗೆ ಬರೆಸಿಕೊಂಡು, ದುಡ್ಡು ಕೊಟ್ಟು, ಅದನ್ನೇ ಇಂಟರ್‌ವಲ್‌ಗೆ ಇಟ್ಟೆ. ಅಂಥ ಸೀನ್ ನಾನು ಕೂತು ಬರೆಯಲು ಆಗುತ್ತಿರಲಿಲ್ಲ. ಸಿನಿಮಾದಲ್ಲಿ ತೆರೆ ಮೇಲೆ ಬರುವ ಕಾಮೆಂಟ್‌ಗಳ ಧಾಟಿಯೂ ಆ ರೀಲ್ಸ್‌ನಿಂದಲೇ ಬಂತು. ಹೆಸರು, ಫೋಟೊ ಎಲ್ಲ ಬದಲಿಸಿದೆವು. ಯಾವ ರೀಲ್ ಆದ ಮೇಲೆ ಯಾವುದನ್ನು ಹಾಕಿದೆವು ಅನ್ನೋದನ್ನು ಹೇಳಲಾರೆ. ಮುಂದಿನ ಸಿನಿಮಾಕ್ಕೆ ಬೇಕು.

ಫೋನ್ ಫುಟೇಜ್ ಸತಾಯಿಸಿತು. ಹದಿನಾಲ್ಕು ನಿಮಿಷದ ಲೈವ್ ಸೀನ್‌ನಲ್ಲಿ ಕೊನೆಗೆ ಬರುವಷ್ಟರಲ್ಲಿ ತುಟಿಗೂ ಮಾತಿಗೂ ಹೊಂದುತ್ತಿರಲಿಲ್ಲ. ಸುಮ್ನೆ ಸೌಂಡ್ ಹುಡುಗನ ಮೇಲೆ ರೇಗಿದೆ. ಫೋನಿನ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು, ಒಂದೇ ಸಮ ಇರುವುದಿಲ್ಲ, ತಪ್ಪು ಅಲ್ಲಿತ್ತು. ಅದನ್ನು ಕಾನ್‌ಸ್ಟಂಟ್‌ಗೆ (ಒಂದೇ ಸಮಕ್ಕೆ) ಬದಲಿಸಿಕೊಂಡೇ ಎಡಿಟಿಂಗ್ ಟೈಮ್‌ಲೈನ್‌ಗೆ ಹಾಕಿ. ರೀಲ್ಸ್‌ನಲ್ಲಿದ್ದ ಸಿನಿಮಾ ಹಾಡುಗಳ ಹಕ್ಕು ಕೊಳ್ಳುವುದು ನಮ್ಮಿಂದ ಆಗದ ಮಾತು. ಗೆಳೆಯನೊಬ್ಬ 15 ಸಾವಿರಕ್ಕೆ ಟ್ಯೂನ್ ಮಾಡಿಕೊಟ್ಟ. ಮೇಕೆ ಇದ್ದ ಎರಡು ರೀಲ್ಸ್ ಬಿಟ್ಟೆ. ಪ್ರಾಣಿ ಕಲ್ಯಾಣ ಮಂಡಳಿಯ ಪತ್ರವಿಲ್ಲದೆ ಸೆನ್ಸಾರ್‌ಗೆ ಹೋಗುವ ಹಾಗಿಲ್ಲ, ನಾವು ಮೊದಲೇ ಅನುಮತಿ ತೆಗೆದುಕೊಂಡಿರಲಿಲ್ಲ.

ಅಟ್ಟದ ಸೀನ್ ಒಂದಿದೆ. ಉಂಡೆ ಕೊಬ್ಬರಿಗೆಂದು ಅಲ್ಲಿ ಕಾಯಿ ತುಂಬಿದ್ದರು. ತಿಂಗಳುಗಟ್ಟಲೆ ಹಾಗೇ ಒಣಗಬೇಕು, ಸರಿಸುವ ಹಾಗಿಲ್ಲ. ದೊಡ್ಡ ಕ್ಯಾಮೆರಾ ಹಿಡಿಸಲಿಲ್ಲ, ಫೋನನ್ನೇ ರೀಲ್ಸ್‌ಗೆ ಹಿಡಿಯುವ ಹಾಗೆ ಲಂಬವಾಗಿ ಹಿಡಿದು ತೆಗೆದೆ. ಎರಡೂ ಪಕ್ಕ ಕಪ್ಪು, ನಡುವೆ ಕಾಯಿ ರಾಶಿಯಲ್ಲಿ ಅವನೊಬ್ಬನೇ. ಇಡೀ ಚಿತ್ರದಲ್ಲಿ ನನಗೆ ತುಂಬಾ ಇಷ್ಟವಾದ ಶಾಟ್ ಅದು. ಹಾಗಾದರೆ ಇಡೀ ಸಿನಿಮಾವನ್ನು ಹೀಗೇ ಲಂಬವಾಗಿ ಇಟ್ಟರೆ ಹೇಗೆ ಅಂತ ಹತ್ತು ನಿಮಿಷದಷ್ಟನ್ನು ಹಾಗೆ ಎಡಿಟ್ ಮಾಡಿ ಕಲ್ಯಾಣ ಮಂಟಪದಲ್ಲಿ ತೋರಿಸಿದೆ. ಎಂಬತ್ತು ಜನರಿದ್ದರು. ಹಿಂದಿನ ಸಾಲಿಗೆ ಕಾಮೆಂಟ್ ಓದಲಾಗಲಿಲ್ಲ. ಆ ಯೋಚನೆ ಕೈಬಿಟ್ಟು, ಕಾಮೆಂಟ್‌ಗಳ ಅಕ್ಷರ ದೊಡ್ಡದು ಮಾಡಿದೆ.

ಒಟ್ಟು ಖರ್ಚು 19 ಲಕ್ಷದ ಆಸುಪಾಸು. ಡಿಐ (ಬಣ್ಣ ಸರಿಪಡಿಸುವ ಕೆಲಸ), ಸೌಂಡ್ ಮಿಕ್ಸಿಂಗ್‌ಗೇ 5 ಲಕ್ಷ ಹೋಯಿತು.

ಮಿಕ್ಸಿಂಗ್ ನಡೆಯುತ್ತಿದ್ದಾಗ ಬೇಕರಿಯವರೊಬ್ಬರು ನಮ್ಮ ಹುಡುಗನನ್ನು ನಿಜವಾಗಿಯೂ ಉದ್ಘಾಟನೆಗೆ ಕರೆದರು. ಸಿನಿಮಾ ವಿಷಯ ಹೇಳಿ ಒಪ್ಪಿಸಿ, ಅದೇ ಫೋನ್ ಹಿಡಿದು ಹೋದೆ. ಕೊನೆಯ ಟೈಟಲ್ಸ್ ಪಕ್ಕದಲ್ಲಿ ಅವನು ಟೇಪ್ ಕತ್ತರಿಸುತ್ತಿರುವುದು ಅಲ್ಲಿಯದೇ.