ನಳ ಬಂದ ದಿನಕ್ಕೂ ಒಂದು ಚಿತ್ರ

ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಮೋಟರ್ ಸದ್ದು, ಕೊಡಗಳ ಸಪ್ಪಳ, ನಾಷ್ಟಾ ತಡ. ನಮಗದು ಬರೀ ಗಡಿಬಿಡಿ. ಮುಂದೇನು ಎಂದು ಗೊತ್ತಿದ್ದರಷ್ಟೇ ನೆಮ್ಮದಿಯಿಂದಿರುವ ಆಟಿಸಂ (ಮಿದುಳಿನ ಬೆಳವಣಿಗೆಯೇ ಬೇರೆ ಬಗೆಯದಾಗಿರುವ ಸ್ಥಿತಿ) ಇರುವ ಮಗು ಆ ಬೆಳಗ್ಗೆ ರಂಪ ಮಾಡಿದರೆ ಅದನ್ನು ಹಠ ಎನ್ನಬೇಡಿ. ದಿನದ ಕೆಲಸಗಳನ್ನು ಸಾಲಾಗಿ ತೋರಿಸುವ ಚಿತ್ರಪಟ್ಟಿ ಮಾಡಿಕೊಡಿ.

ಮೊದಲು ನಿಮ್ಮ ಮನೆಯದೇ ಬ್ರಷ್, ಜಳಕದ ಬಕೆಟ್, ರೊಟ್ಟಿಯ ತಾಟು, ಶಾಲೆಯ ಚೀಲದ ಫೋಟೊ ತೆಗೆಯಿರಿ. ಅಂಗಡಿಯ ಚಾರ್ಟಿನ ಬಕೆಟ್ ತನ್ನದೇ ಬಕೆಟ್ ಎಂದು ಕೆಲವು ಮಕ್ಕಳಿಗೆ ಹೊಳೆಯುವುದಿಲ್ಲ. ಪ್ರಿಂಟ್ ತೆಗೆಸಿ, ರಟ್ಟಿಗೆ ಅಂಟಿಸಿ, ಮಗುವಿನ ಕಣ್ಣಳತೆಗೆ ಮೇಲಿಂದ ಕೆಳಕ್ಕೆ ವೆಲ್ಕ್ರೊದಿಂದ ಹಚ್ಚಿ. ಶುರುವಿಗೆ ಎರಡೇ ಚಿತ್ರ ಸಾಕು: ಮೊದಲು ಜಳಕ, ಆಮೇಲೆ ಜೋಕಾಲಿ. ಮುಗಿದ ಕೆಲಸದ ಚಿತ್ರವನ್ನು ಮಗುವೇ ಕಿತ್ತು ಡಬ್ಬಿಗೆ ಹಾಕಲಿ.

ನಳದ ಚಿತ್ರವೊಂದು ಬೇರೆ ಇರಲಿ. ನೀರು ಬಿಡುವ ಸುದ್ದಿ ಸಿಕ್ಕ ಕೂಡಲೇ ಮಗುವಿನ ಎದುರಿಗೇ ಅದನ್ನು ಮೇಲೆ ಹಚ್ಚಿ, ನಾಷ್ಟಾದ ಚಿತ್ರವನ್ನು ಕೆಳಗೆ ಸರಿಸಿ. ಮೋಟರ್ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಾದರೆ ಹೇಳಿಯೇ ಸ್ವಿಚ್ ಹಾಕಿ.

ಚಡ್ಡಿ ಹಾಕಿಕೊಳ್ಳುವುದನ್ನು ಕೊನೆಯಿಂದ ಕಲಿಸಿ. ತೊಡೆವರೆಗೆ ನೀವು ಏರಿಸಿ. ಸೊಂಟಕ್ಕೆ ಎಳೆದುಕೊಳ್ಳುವುದು ಮಗುವಿನ ಪಾಲು. ಅದು ಕೈಗೆ ಹತ್ತಿದ ಮೇಲೆ ಮೊಣಕಾಲಿನಿಂದ, ಆಮೇಲೆ ಪಾದದಿಂದ. ಪ್ರತಿ ಸಲವೂ ಕೆಲಸ ಮುಗಿಸಿದ್ದು ತಾನೇ ಎಂಬ ಖುಷಿ ಮಗುವಿಗೆ ಸಿಗುತ್ತದೆ.

ಮಾತಿನದು ಇನ್ನೊಂದು ಪೇಚು. ನೀರಡಿಸಿದಾಗ ಮಗು “ನೀರ್ ಬೇಕೇನು?” ಎಂದು ನಿಮ್ಮ ಪ್ರಶ್ನೆಯನ್ನೇ ಒಪ್ಪಿಸಬಹುದು. ಅದು ಅಣಕವಲ್ಲ, ಮಗು ನೀರು ಕೇಳುತ್ತಿದೆ. “ನೀರ್ ಕೊಡು” ಎಂದು ಅದರ ಪರವಾಗಿ ನೀವೇ ಅಂದು, ಲೋಟ ಕೈಗಿಡಿ. ಆಯಿ, ಅಪ್ಪ, ಅವ್ವ ಎಲ್ಲರೂ ಇದೇ ಮಾತು ಬಳಸಬೇಕು. ಆಯಿಯನ್ನು ಒಪ್ಪಿಸುವುದೇ ಕಷ್ಟ ಎನ್ನುವ ಮನೆಗಳೂ ಉಂಟು!

ತಪಾಸಣೆ ಇನ್ನೂ ಆಗಿಲ್ಲವೇ? ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ. ಪೂರ್ತಿ ವಾಸಿ ಮಾಡುತ್ತೇವೆ ಎನ್ನುವ ಔಷಧಿಯವರಿಗೆ ರೊಕ್ಕ ಸುರಿಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ನಿಗದಿತ ಪ್ರಮಾಣದ ಅಂಗವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಗೂ ಅದರಲ್ಲಿ ಪಾಲಿದೆ, ಬಿಲ್ಲುಗಳನ್ನು ಎತ್ತಿಟ್ಟಿರಿ.